ಈಲಿಗೆ ಹೋಗುವವರು ಮಾರ್ಚ್, ವಿಸ್‌ಬೀಚ್ ಬಿಡಬೇಡಿ

ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂದವರು ಸಾಮಾನ್ಯವಾಗಿ ಪಕ್ಕದ ಈಲಿ ಊರಿಗೆ ಅರ್ಧ ದಿನ ಕೊಡುತ್ತಾರೆ. ರೈಲಿನಲ್ಲಿ ಸುಮಾರು ಕಾಲು ಗಂಟೆ, ಕ್ಯಾಥೆಡ್ರಲ್ ಮುಂದೆ ಫೋಟೊ, ಸಂಜೆಗೆ ವಾಪಸ್. ದಯವಿಟ್ಟು ಹಾಗೆ ಮಾಡಬೇಡಿ. ಇದು ಒಂದು ಕಾಲದಲ್ಲಿ ತನ್ನದೇ ನ್ಯಾಯಾಧೀಶ, ತನ್ನದೇ ಜೈಲು ಇದ್ದ ಪ್ರದೇಶ. 1889ರಿಂದ 1965ರವರೆಗೆ 'ಐಲ್ ಆಫ್ ಈಲಿ' (ಈಲಿ ದ್ವೀಪ) ಎಂಬ ಪ್ರತ್ಯೇಕ ಆಡಳಿತ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ಈಗ ಭೂಪಟದಲ್ಲಿ ಆ ಕೌಂಟಿ ಇಲ್ಲ. ಆದರೆ ಈಲಿ, ಮಾರ್ಚ್, ವಿಸ್‌ಬೀಚ್ ಮೂರನ್ನೂ ಒಂದೇ ಸಲ ಸುತ್ತಿದರೆ ಅದು ಇನ್ನೂ ಕಣ್ಣಿಗೆ ಕಾಣುತ್ತದೆ. ಎರಡು ದಿನ ಇಟ್ಟುಕೊಳ್ಳಿ.

ಈಲಿ ಸ್ಟೇಷನ್ ಕೆಳಗಿದೆ, ಕ್ಯಾಥೆಡ್ರಲ್ ಮೇಲಿದೆ. ಹದಿನೈದು ನಿಮಿಷದ ನಡಿಗೆ. ಗುಡ್ಡ ಅಂದರೆ ದೊಡ್ಡದೇನಲ್ಲ, ಮೂವತ್ತು ಮೀಟರ್ ಕೂಡ ಇಲ್ಲ. ಆದರೆ ಸುತ್ತಲೂ ಜೌಗು ನೀರಿದ್ದಾಗ ಅಷ್ಟು ಎತ್ತರವೇ ಸಾಕಾಗಿತ್ತು. 673ರಲ್ಲಿ ರಾಣಿ ಎಥೆಲ್‌ಡ್ರೆಡಾ ಇಲ್ಲಿ ಮಠ ಕಟ್ಟಿದಳು. 1071ರಲ್ಲಿ ಹೆರೆವರ್ಡ್ ಮತ್ತು ಅವನ ಜೊತೆಗಾರರು ಇದೇ ನೀರನ್ನು ನಂಬಿ, ಇಂಗ್ಲೆಂಡನ್ನು ಗೆದ್ದಿದ್ದ ನಾರ್ಮನ್ ದೊರೆ ವಿಲಿಯಂಗೆ ಎದುರು ನಿಂತರು. 1109ರಲ್ಲಿ ಬಿಷಪ್ ಬಂದರು. ಆಮೇಲೆ ಶತಮಾನಗಳ ಕಾಲ ಬೇರೆ ಕಡೆ ರಾಜನ ಕೈಯಲ್ಲಿದ್ದ ಎಷ್ಟೋ ಅಧಿಕಾರ ಇಲ್ಲಿ ಬಿಷಪ್ ಕೈಯಲ್ಲಿತ್ತು. ಪಾರ್ಲಿಮೆಂಟ್ ಅದನ್ನು ತೆಗೆದದ್ದು 1836ರಲ್ಲಿ.

ಕ್ಯಾಥೆಡ್ರಲ್‌ಗೆ ಟಿಕೆಟ್ ಇದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. 1322ರಲ್ಲಿ ನಡುಗೋಪುರ ಕುಸಿದ ಜಾಗದಲ್ಲಿ ಎಂಟು ಮೂಲೆಯ ಗೋಪುರ ಎಬ್ಬಿಸಿದ್ದಾರೆ. ಅದರ ನೆತ್ತಿಯ ಮರದ ಲಾಂದ್ರವನ್ನು (ಬೆಳಕು ಒಳಬಿಡುವ ಕಿಟಕಿಗಳ ಗೂಡು) ಕೆಳಗೆ ನಿಂತು ಕತ್ತೆತ್ತಿ ನೋಡಿ. ಪಕ್ಕದಲ್ಲಿ ಮೇರಿ ಮಾತೆಯ ಪ್ರಾರ್ಥನಾ ಮಂದಿರವಾದ ಲೇಡಿ ಚಾಪೆಲ್‌ನ ಗೋಡೆಗಳಲ್ಲಿ ಸಾಲು ಸಾಲು ಪುಟ್ಟ ಮೂರ್ತಿಗಳಿವೆ. 16ನೇ ಶತಮಾನದ ಕ್ರೈಸ್ತ ಧರ್ಮಸುಧಾರಣೆಯ ಕಾಲದಲ್ಲಿ ಅವುಗಳ ತಲೆ ಒಡೆದು ಹಾಕಿದ್ದಾರೆ. ಮೈಮೇಲಿನ ಬಟ್ಟೆಯ ಮಡಿಕೆ ಹಾಗೇ ಇದೆ, ಮುಖ ಮಾತ್ರ ಇಲ್ಲ. ನೋಡುತ್ತ ಹೋದಂತೆ ಸಂಕಟವಾಗುತ್ತದೆ.

ಅಲ್ಲಿಂದ ಹತ್ತಿರದಲ್ಲೇ ಸೇಂಟ್ ಮೇರಿ ಚರ್ಚ್ ಇದೆ. ಅದರ ಗೋಪುರದ ಹೊರಗೋಡೆಯ ಕಲ್ಲನ್ನು ತಪ್ಪದೇ ಓದಿ. 1816ರ ಮೇ ತಿಂಗಳಲ್ಲಿ, ನೆಪೋಲಿಯನ್ ಯುದ್ಧ ಮುಗಿದು ಕೆಲಸವಿಲ್ಲದೆ, ಧಾನ್ಯದ ಬೆಲೆ ಏರಿ, ಹತ್ತಿರದ ಲಿಟಲ್‌ಪೋರ್ಟ್ ಊರಿನ ಕೂಲಿಗಳು ದಂಗೆ ಎದ್ದು ಈಲಿಯವರೆಗೂ ಬಂದರು. ವಿಚಾರಣೆಗೆ ಕೂತ ನ್ಯಾಯಾಧೀಶರಲ್ಲಿ ಬಿಷಪ್ಪನ ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕ್ರಿಶ್ಚಿಯನ್ ಕೂಡ ಇದ್ದ. ಜೂನ್ 28ರಂದು ಐವರನ್ನು ನೇಣಿಗೇರಿಸಿದರು. ಒಂದೇ ಗುಂಡಿಯಲ್ಲಿ ಹೂತ ಆ ಐವರ ಹೆಸರು ಕಲ್ಲಿನ ಮೇಲಿದೆ. ಇವರ ಗತಿ ಉಳಿದವರಿಗೆ ಎಚ್ಚರಿಕೆಯಾಗಲಿ ಎಂದೂ ಕೆತ್ತಿದ್ದಾರೆ. ಹಸಿದವರಿಗೆ ಹೇಳುವ ಮಾತೇ ಅದು? ಬಿಷಪ್ಪನ ಹಳೇ ಜೈಲು ಈಗ ಈಲಿ ಮ್ಯೂಸಿಯಂ. ಕಲ್ಲು ಓದಿದ ಮೇಲೆ ಅಲ್ಲಿಗೆ ಹೋಗಿ, ಆಗ ಆ ಕೋಣೆಗಳು ಬೇರೆಯೇ ಅನಿಸುತ್ತವೆ. 17ನೇ ಶತಮಾನದಲ್ಲಿ ರಾಜನ ವಿರುದ್ಧ ಯುದ್ಧ ಮಾಡಿ ದೇಶ ಆಳಿದ ಆಲಿವರ್ ಕ್ರಾಮ್‌ವೆಲ್ ವಾಸವಿದ್ದ ಮನೆ ಸೇಂಟ್ ಮೇರಿ ಪಕ್ಕದಲ್ಲೇ ಇದೆ. ಸಮಯ ಕಡಿಮೆ ಇದ್ದರೆ ಹೊರಗಿನಿಂದ ನೋಡಿದರೂ ನಡೆಯುತ್ತದೆ.

ಮರುದಿನ ಮಾರ್ಚ್ ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿ ಸೀಟು ಹಿಡಿಯಿರಿ, ಮೊಬೈಲ್ ಒಳಗಿಡಿ. 17ನೇ ಶತಮಾನದಲ್ಲಿ ಡಚ್ ಇಂಜಿನಿಯರ್ ವರ್ಮುಯ್ಡನ್ ಗೆರೆ ಎಳೆದಂತೆ ನೇರ ಕಾಲುವೆ ತೋಡಿಸಿ ಈ ಜೌಗನ್ನು ಬಸಿಯಲು ಹೊರಟ. ನೀರು ಇಳಿದಂತೆ ಪೀಟ್ ಮಣ್ಣು (ಕೊಳೆತ ಗಿಡಗಳಿಂದಾದ ಕಪ್ಪು ಮಣ್ಣು) ಒಣಗಿ ಕುಗ್ಗಿತು, ಹೊಲ ತಗ್ಗಿತು. ಈಗ ಎಷ್ಟೋ ಕಡೆ ನದಿ ಏರಿಯ ನಡುವೆ ಮೇಲೆ ಹರಿಯುತ್ತದೆ, ಕಪ್ಪು ಹೊಲ ಕೆಳಗಿದೆ. ಪಂಪ್ ನಿಂತರೆ ಹೊಲ ಮುಳುಗುತ್ತದೆ. ಮಾನಿ ಸ್ಟೇಷನ್‌ಗೆ ಮೊದಲು ಊಸ್ ವಾಷಸ್ ಬರುತ್ತದೆ. ಎರಡು ಕಾಲುವೆಗಳ ನಡುವಿನ ಈ ಬಯಲಿಗೆ ಚಳಿಗಾಲದಲ್ಲಿ ಬೇಕೆಂದೇ ನೀರು ಬಿಡುತ್ತಾರೆ. ಹಂಸಗಳನ್ನು ನೋಡುವ ಆಸೆ ಇದ್ದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ. ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಅಡ್ಡಕ್ಕೆ ಒಂದು ದಿಬ್ಬವೂ ಇಲ್ಲ ಅಲ್ಲಿ.

ಕೌಂಟಿ ಕೌನ್ಸಿಲ್ ಕಚೇರಿ ಇದ್ದದ್ದು ಈಲಿಯಲ್ಲಲ್ಲ, ಮಾರ್ಚ್‌ನಲ್ಲಿ. ಜನಸಂಖ್ಯೆ ಒಂದು ಲಕ್ಷವೂ ಇಲ್ಲದ ಈ ಕೌಂಟಿಯನ್ನು 1965ರಲ್ಲಿ ಕೇಂಬ್ರಿಜ್‌ಶೈರ್ ಜೊತೆ ಸೇರಿಸಿದರು. 1974ರಲ್ಲಿ ಹಂಟಿಂಗ್ಡನ್, ಪೀಟರ್‌ಬರೋ ಕಡೆಯೂ ಸೇರಿತು, 'ಈಲಿ' ಎಂಬ ಹೆಸರು ಕೌಂಟಿಯಿಂದ ಬಿದ್ದುಹೋಯಿತು. ಮಾರ್ಚ್ ಪೇಟೆಯಲ್ಲಿ ನೋಡಲು ಜಾಸ್ತಿ ಇಲ್ಲ. ಸೇಂಟ್ ವೆಂಡ್ರೆಡಾ ಚರ್ಚ್ ಒಂದಕ್ಕಾಗಿಯೇ ಇಳಿಯಬೇಕು. ಅದರ ಮರದ ಚಾವಣಿ ತುಂಬ ರೆಕ್ಕೆ ಬಿಚ್ಚಿದ ದೇವದೂತರು, ನೂರಕ್ಕೂ ಹೆಚ್ಚು. ಚರ್ಚ್ ಸ್ಟೇಷನ್‌ನಿಂದ ದೂರ, ಊರಿನ ಇನ್ನೊಂದು ತುದಿಯಲ್ಲಿದೆ. ಬಾಗಿಲು ತೆರೆದಿರುತ್ತದಾ ಎಂದು ಮುಂಚೆಯೇ ಕೇಳಿಕೊಳ್ಳಿ.

ವಿಸ್‌ಬೀಚ್‌ಗೆ 1968ರಿಂದ ಪ್ರಯಾಣಿಕರ ರೈಲಿಲ್ಲ, ಬಸ್ಸೇ ಗತಿ. ಭಾನುವಾರ ಈ ಕಡೆ ಬಸ್ಸನ್ನು ನಂಬಿ ಹೊರಡಬೇಡಿ. ನೆನ್ ನದಿಯ ದಂಡೆಯ ಮೇಲೆ ಜಾರ್ಜಿಯನ್ ಕಾಲದ ಮನೆಗಳ ಚೆಂದದ ಸಾಲಿದೆ. ಗುಲಾಮಗಿರಿಯ ವಿರುದ್ಧ ಹೋರಾಡಿದ ಥಾಮಸ್ ಕ್ಲಾರ್ಕ್‌ಸನ್, ಹಳೇ ಕಟ್ಟಡ, ನಿಸರ್ಗ ತಾಣ ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಆಕ್ಟೇವಿಯಾ ಹಿಲ್ ಇಬ್ಬರೂ ಹುಟ್ಟಿದ ಊರಿದು. ನದಿ ದಂಡೆಯ ಆ ಸಾಲಿನಲ್ಲೇ ಇರುವ ಪೆಕೋವರ್ ಹೌಸ್ ಎಂಬ ದೊಡ್ಡ ಮನೆ ಎಲ್ಲ ದಿನ ತೆರೆಯುವುದಿಲ್ಲ, ಅದರ ದಿನ ನೋಡಿಕೊಂಡೇ ಉಳಿದ ಪ್ಲ್ಯಾನ್ ಮಾಡಿ. ಮಾರ್ಚ್‌ಗೆ ವಾಪಸ್ ಬರುವ ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಇಳಿದ ಕೂಡಲೇ ನೋಡಿಟ್ಟುಕೊಳ್ಳಿ.