ಪಲ್ಪರ್ ಮನೆಯಲ್ಲಿ ನೀರು ಹಿಂದಕ್ಕೆ ಹರಿಯಬೇಕು

ಜನವರಿ ಬರುವ ಹೊತ್ತಿಗೆ ಕೊಡಗಿನ ತೋಡುಗಳಲ್ಲಿ ನೀರು ಮೊಣಕಾಲಿನಿಂದ ಕಣಕಾಲಿಗೆ ಇಳಿದಿರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಜೋರಾಗಿ ನಡೆಯುವುದೂ ಆಗಲೇ. ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕಾದದ್ದೂ ಪಲ್ಪಿಂಗಿಗೆ ನೀರು ಕೊಡುವ ಕೆರೆಯಿಂದಲೇ. ಹಳೆಯ ಪಲ್ಪರ್ ಮನೆಗಳನ್ನು ಮಾತ್ರ ನೀರು ಎಂದೂ ಬತ್ತುವುದಿಲ್ಲ ಎಂಬಂತೆ ಕಟ್ಟಿದ್ದಾರೆ. ಹಣ್ಣು ಹೊರುವುದು ನೀರು, ಸಿಪ್ಪೆ ತಳ್ಳುವುದು ನೀರು, ಬೀಜವನ್ನು ತೊಟ್ಟಿಗೆ ಮುಟ್ಟಿಸುವುದೂ ನೀರು. ತಿದ್ದಬೇಕಾದದ್ದು ಈ ವಿನ್ಯಾಸವನ್ನು.

ಹೊಸ ಯಂತ್ರಕ್ಕೆ ಕೊಟೇಶನ್ ಕೇಳುವ ಮೊದಲು 20 ಲೀಟರ್ ಬಕೆಟ್ ಒಂದನ್ನು ಹಿಡಿದು, ಮೊಬೈಲ್‌ನಲ್ಲಿ ಸಮಯ ನೋಡುತ್ತಾ ನೀರು ಅಳೆಯಿರಿ. 40 ಸೆಕೆಂಡಿಗೆ ಬಕೆಟ್ ತುಂಬಿದರೆ ನಿಮಿಷಕ್ಕೆ 30 ಲೀಟರ್. ಪಲ್ಪರ್ ಐದು ಗಂಟೆ ಓಡಿದರೆ 9,000 ಲೀಟರ್. ಆ ದಿನದ ಹಣ್ಣು 1,500 ಕೆಜಿ ಎಂದಿಟ್ಟುಕೊಳ್ಳಿ. ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಒಣ ಪಾರ್ಚ್‌ಮೆಂಟ್ (ತೆಳು ಹೊದಿಕೆ ಸಮೇತದ ಬೀಜ) ಸಿಗುತ್ತದೆ, ಅಂದರೆ 300 ಕೆಜಿ. ಒಂದು ಕೆಜಿ ಪಾರ್ಚ್‌ಮೆಂಟಿಗೆ 30 ಲೀಟರ್ ಬಿತ್ತು, ತೊಳೆಯುವ ನೀರು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಕೊಲಂಬಿಯಾದ ಕಾಫಿ ಸಂಶೋಧನಾ ಕೇಂದ್ರ ಸೆನಿಕಾಫೆ 1990ರ ದಶಕದಲ್ಲಿ ಬೆಕೊಲ್ಸಬ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಅದರಲ್ಲಿ ನೀರಿಲ್ಲದೆ ಸಿಪ್ಪೆ ಸುಲಿಯುತ್ತಾರೆ, ಯಂತ್ರವೇ ಬೀಜಕ್ಕೆ ಅಂಟಿದ ಲೋಳೆಯನ್ನು ಉಜ್ಜಿ ತೆಗೆಯುತ್ತದೆ, ಸಿಪ್ಪೆ ಮತ್ತು ಲೋಳೆ ಎರಡನ್ನೂ ಸ್ಕ್ರೂ ಕನ್ವೇಯರ್ ಒಟ್ಟಿಗೆ ಸಾಗಿಸುತ್ತದೆ. ಹಳೆಯ ಕ್ರಮದಲ್ಲಿ ಕೆಜಿ ಪಾರ್ಚ್‌ಮೆಂಟಿಗೆ 40 ಲೀಟರ್‌ನಷ್ಟು ಖರ್ಚಾಗುತ್ತಿದ್ದ ನೀರು ಇದರಲ್ಲಿ ಒಂದು ಲೀಟರ್ ಆಸುಪಾಸಿಗೆ ಇಳಿಯಿತು. ಆ ಕೆಲಸದಿಂದ ಹೊರಟ ಇನ್ನೊಂದು ತಿಳಿವಳಿಕೆ ನಮಗೆ ಅದಕ್ಕಿಂತ ಮುಖ್ಯ. ಸಿಪ್ಪೆಯನ್ನು ನೀರಿಗೆ ಮುಟ್ಟಿಸದಿದ್ದರೆ ಸಾಕು, ಹೊಲಸು ಮುಕ್ಕಾಲು ಪಾಲಿನಷ್ಟು ಅಲ್ಲೇ ತಪ್ಪುತ್ತದೆ. 100 ಕೆಜಿ ಹಣ್ಣಿನಲ್ಲಿ ಸುಮಾರು 40 ಕೆಜಿ ಸಿಪ್ಪೆ, ಅದರ ತುಂಬ ಸಕ್ಕರೆ. ನೀರಿನಲ್ಲಿ ಬಿದ್ದಷ್ಟು ಹೊತ್ತೂ ಸಕ್ಕರೆ ಬಿಡುತ್ತಲೇ ಇರುತ್ತದೆ, ಅದು ಹುಳಿಯಾಗಿ ಪಿಎಚ್ 4ರ ಹತ್ತಿರ ಬರುತ್ತದೆ. ಇದು ತೋಡಿಗೆ ಇಳಿದರೆ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಮೀನು ಸಾಯುತ್ತದೆ. ಹಾರಂಗಿ ಇರಲಿ, ಲಕ್ಷ್ಮಣತೀರ್ಥ ಇರಲಿ, ಅವನ್ನು ಸೇರುವ ತೋಡುಗಳ ನೀರೆಲ್ಲ ಕೊನೆಗೆ ಕಾವೇರಿಗೇ.

ಹಾಗಾಗಿ ಮೊದಲ ಬದಲಾವಣೆ ಯಂತ್ರದ್ದಲ್ಲ, ಜಾಗದ್ದು. ನಮ್ಮದು ಇಳಿಜಾರಿನ ಊರು. ಪಲ್ಪರನ್ನು ಮೇಲೆ ಕೂರಿಸಿ, ಸಿಪ್ಪೆ ತಾನಾಗಿಯೇ ಗುಂಡಿಗೋ ಟ್ರೇಲರಿಗೋ ಬೀಳುವಂತೆ ಮಾಡಿದರೆ ಅರ್ಧ ಕೆಲಸ ಆಯಿತು. ಒದ್ದೆ ಸಿಪ್ಪೆ ಅಂಟಿಕೊಳ್ಳುತ್ತದೆ, ಜಾರುಹಲಗೆ 45 ಡಿಗ್ರಿಗಿಂತ ಕಡಿದಾಗಿರಲಿ. ಸ್ಕ್ರೂ ಕನ್ವೇಯರ್ ಹಾಕುವುದಾದರೆ ಸಿಪ್ಪೆ ತಾಗುವ ಭಾಗವೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಆಗಿರಬೇಕು. ಸಾದಾ ಕಬ್ಬಿಣವನ್ನು ಈ ಹುಳಿ ಬೇಗ ತಿನ್ನುತ್ತದೆ, ಬೋಲ್ಟುಗಳು ತುಕ್ಕು ಹಿಡಿದು ಸ್ಪ್ಯಾನರಿಗೂ ಜಗ್ಗದಂತಾಗುತ್ತವೆ.

ಎರಡನೆಯದು ನೀರಿನ ದಿಕ್ಕು. ಬೀಜ ಮುಂದೆ ಹೋದಂತೆ ನೀರು ಹಿಂದೆ ಬರಬೇಕು. ತೊಳೆದ ಪಾರ್ಚ್‌ಮೆಂಟ್ ನೆನೆಸಿಟ್ಟ ತೊಟ್ಟಿಯ ನೀರು ಮರುದಿನ ಮೊದಲ ತೊಳೆತಕ್ಕೆ, ತೊಳೆದ ನೀರು ಜರಡಿ ದಾಟಿ, ಒಂದು ತೊಟ್ಟಿಯಲ್ಲಿ ತಿಳಿಯಾಗಿ, ಪಲ್ಪರಿಗೆ. ಎಂದಿಗೂ ಇದು ಉಲ್ಟಾ ಆಗಬಾರದು. ಪಲ್ಪರಿನ ಹಳೇ ನೀರಿನಲ್ಲಿ ಕೊನೆಯ ತೊಳೆತ ಮಾಡಿದರೆ ಹುಳಿವಾಸನೆ ಬೀಜಕ್ಕೆ ಹತ್ತುತ್ತದೆ, ಕಪ್‌ನಲ್ಲಿ ಅದು ಸಿಕ್ಕಿಬೀಳುತ್ತದೆ. ಪಲ್ಪರಿನ ನೀರನ್ನೂ ರಾತ್ರಿ ಕಳೆದು ಮರುದಿನಕ್ಕೆ ಉಳಿಸಬೇಡಿ. ಸುಲಿಯುವ ಮೊದಲು ಹಣ್ಣನ್ನು ತೇಲಿಸಿ ನೋಡುವ ಸೈಫನ್ ತೊಟ್ಟಿಯ ನೀರು ಮಾತ್ರ ಇಡೀ ದಿನ ನಡೆಯುತ್ತದೆ. ತೇಲುವ ಜೊಳ್ಳು, ಕಾಯಿಕೊರಕ ತಿಂದ ಹಣ್ಣು ಅಲ್ಲೇ ಬೇರೆಯಾಗಲಿ, ಅದನ್ನು ಚೆರ್ರಿ ಮಾಡಿ, ಅಂದರೆ ಸುಲಿಯದೆ ಇಡಿಯಾಗಿ, ಕಣದಲ್ಲಿ ಒಣಗಿಸಿ.

ಇನ್ನು ಪಲ್ಪರಿನ ಸಂದು. ನೀರು ಪೋಲಾಗಲು ದೊಡ್ಡ ಕಾರಣ ಇದೇ, ಆದರೆ ಇದನ್ನು ನೋಡುವವರು ಕಡಿಮೆ. ಡಿಸ್ಕ್ ಪಲ್ಪರಿನಲ್ಲಿ ತಾಮ್ರದ ತಟ್ಟೆಯ ಮೇಲಿನ ಉಬ್ಬುಗಳು ಹಣ್ಣನ್ನು ಪಟ್ಟಿಯ ಕಡೆಗೆ ಒತ್ತುತ್ತವೆ. ತಟ್ಟೆಗೂ ಪಟ್ಟಿಗೂ ನಡುವಿನ ಸಂದಿನಲ್ಲಿ ಸಿಪ್ಪೆ ನುಸುಳಬೇಕು, ಬೀಜ ನುಸುಳಬಾರದು. ಸಂದು ಕಿರಿದಾದರೆ ಪಾರ್ಚ್‌ಮೆಂಟ್ ಕಚ್ಚಿದಂತೆ ಗಾಯವಾಗುತ್ತದೆ, ಆ ಗಾಯ ಹುದುಗುವಾಗ ಕಪ್ಪಾಗುತ್ತದೆ. ಅಗಲವಾದರೆ ಸಿಪ್ಪೆಯ ಜೊತೆ ಬೀಜ ಹೊರಟುಹೋಗುತ್ತದೆ, ಬೀಜದ ಜೊತೆ ಸಿಪ್ಪೆ ಬರುತ್ತದೆ. ಆಗ ಆಳುಗಳು ಮಾಡುವುದು ಒಂದೇ, ಪೈಪಿನ ವಾಲ್ವನ್ನು ಇನ್ನೂ ತಿರುಗಿಸುವುದು. ನೀರು ಹೆಚ್ಚು ಬಿಟ್ಟರೆ ತಪ್ಪು ಮುಚ್ಚಿಹೋಗುತ್ತದೆ, ಸರಿಹೋಗುವುದಿಲ್ಲ.

ಪ್ರತಿದಿನ ಬೆಳಿಗ್ಗೆ ಒಂದು ಬುಟ್ಟಿ ಹಣ್ಣು ಹಾಕಿ ನಿಲ್ಲಿಸಿ. ಬೀಜದ ಬಾಯಿಂದ 100 ಬೀಜ ಎಣಿಸಿ ಅಂಗೈಯಲ್ಲಿ ಹರಡಿಕೊಳ್ಳಿ. ಉಗುರಿನಿಂದ ಗೀರಿದಂಥ ಗಾಯ ಎರಡು ಮೂರು ಬೀಜಕ್ಕಿಂತ ಹೆಚ್ಚಿನವುಗಳ ಮೇಲೆ ಕಂಡರೆ ಸಂದು ಸಡಿಲಿಸಿ. ಸಿಪ್ಪೆಯ ಬಾಯಿಂದಲೂ ಒಂದು ಬೊಗಸೆ ತೆಗೆದು ಹಿಂಡಿ, ಬೀಜ ಬೆರಳಿಗೆ ಸಿಕ್ಕರೆ ಬಿಗಿ ಮಾಡಿ. ಉಬ್ಬುಗಳು ಸವೆದು ನುಣುಪಾಗಿದ್ದರೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ತಟ್ಟೆಯನ್ನೇ ಬದಲಿಸಬೇಕು. ಅರೇಬಿಕಾಕ್ಕೆ ಕೂರಿಸಿದ ಸಂದಿನಲ್ಲಿ ರೊಬಸ್ಟಾ ಸುಲಿಯಲು ಹೋಗಬೇಡಿ, ರೊಬಸ್ಟಾ ಬೀಜ ಸಣ್ಣದು, ಗುಂಡನೆಯದು. ಹಸಿರು ಕಾಯಿ ಬೆರೆತರೆ ಯಾವ ಸಂದೂ ಸರಿಯಾಗದು, ಅದು ಕುಯ್ಲಿನಲ್ಲೇ ತಿದ್ದುವ ಮಾತು.

ಲೋಳೆ ತೆಗೆಯುವ ಯಂತ್ರ ಎಲ್ಲರಿಗೂ ಬೇಕೇ? ಅರೇಬಿಕಾದ ಲೋಳೆ ತೊಟ್ಟಿಯಲ್ಲಿ ಹುದುಗಿ 24ರಿಂದ 36 ಗಂಟೆಯಲ್ಲಿ ಬಿಡುತ್ತದೆ, ಮಡಿಕೇರಿಯ ಚಳಿಯಲ್ಲಿ ಸ್ವಲ್ಪ ತಡವಾಗುತ್ತದೆ. ರಾಶಿಗೆ ಕೋಲು ಚುಚ್ಚಿ ತೆಗೆದಾಗ ತೂತು ಮುಚ್ಚದೆ ನಿಂತರೆ, ಕೈಯಲ್ಲಿ ಉಜ್ಜಿದಾಗ ಜಲ್ಲಿಯಂತೆ ಗರಗರ ಎಂದರೆ ಹದ ಬಂತು. ಸಣ್ಣ ಬೆಳೆಗಾರರಿಗೆ ಇದು ಸಾಕು ಎನ್ನುವುದು ನನ್ನ ಅಭಿಪ್ರಾಯ. ರೊಬಸ್ಟಾದ ಲೋಳೆ ದಪ್ಪ, ಮೂರು ದಿನವೂ ಹಿಡಿಯಬಹುದು. ಅಲ್ಲಿ ಯಂತ್ರಕ್ಕೆ ಅರ್ಥವಿದೆ. ಅದರ ಬಾಯಿಯ ಒತ್ತಡ ಹೆಚ್ಚಿಟ್ಟರೆ ಪಾರ್ಚ್‌ಮೆಂಟೇ ಸುಲಿದು ಬರಿಬೀಜ ಬರುತ್ತದೆ. ಬೀಜದ ನಡುಗೀರಿನಲ್ಲಿ ಕೊಂಚ ಲೋಳೆ ಉಳಿದರೂ ಪರವಾಗಿಲ್ಲ, ನೆನೆಸಿದಾಗ ಹೋಗುತ್ತದೆ. ವೋಲ್ಟೇಜ್ ಬಿದ್ದಾಗ ಯಂತ್ರ ಓಡಿಸಬೇಡಿ, ವೇಗ ಇಳಿದು ಕೆಲಸವೂ ಕೆಡುತ್ತದೆ, ಮೋಟಾರೂ ಸುಡುತ್ತದೆ.

ಉಳಿದ ನೀರಿಗೆ ಅರಳಿದ ಸುಣ್ಣದ ತಿಳಿ. ಪಿಎಚ್ ಕಾಗದ 7 ತೋರಿಸುವವರೆಗೆ ಸ್ವಲ್ಪ ಸ್ವಲ್ಪವೇ ಸುರಿಯಿರಿ, ಆಮೇಲೆ ಗುಂಡಿಗೆ ಬಿಡಿ. ಬಾವಿಯ ಮೇಲ್ಗಡೆ ಗುಂಡಿ ತೋಡಬೇಡಿ. ಸಿಪ್ಪೆ ಗೊಬ್ಬರಕ್ಕೆ, ಅದರಲ್ಲಿ ಪೊಟ್ಯಾಶ್ ಚೆನ್ನಾಗಿದೆ. ಬರಿ ಸಿಪ್ಪೆಯನ್ನೇ ಒಟ್ಟಿದರೆ ಗಾಳಿಯಾಡದೆ ಕೊಳೆತು ನಾರುತ್ತದೆ. ನಡುನಡುವೆ ತರಗೆಲೆ ಅಥವಾ ಚೆರ್ರಿ ಹೊಟ್ಟು ಹಾಸಿ, ಸಗಣಿ ಬಗ್ಗಡ ಚಿಮುಕಿಸಿ. ಎದೆಮಟ್ಟಕ್ಕಿಂತ ಎತ್ತರ ಬೇಡ. ತಿಂಗಳಿಗೊಮ್ಮೆ ಮಗುಚಿದರೆ ಮುಂಗಾರಿಗೆ ಮೊದಲೇ ಗಿಡದ ಬುಡಕ್ಕೆ ಹಾಕಬಹುದು.

ಯಂತ್ರ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಗಂಟೆಗೆ ಎಷ್ಟು ಕೆಜಿ ಎಂದಲ್ಲ. ತಾಮ್ರದ ತಟ್ಟೆ, ಬೇರಿಂಗ್, ಬೆಲ್ಟ್ ಎಲ್ಲಿ ಸಿಗುತ್ತವೆ, ಕುಶಾಲನಗರದ ಲೇತ್ ಅಂಗಡಿಯಲ್ಲಿ ರಿಪೇರಿ ಆಗುತ್ತದೆಯೇ ಎಂದು ಕೇಳಿ. ಹಣ್ಣನ್ನು ಕುಯ್ದ ದಿನವೇ ಸುಲಿಯಬೇಕು, ಬಿಡಿಭಾಗ ಬರುವವರೆಗೆ ಅದು ಕಾಯುವುದಿಲ್ಲ. ಒಂದು ತಟ್ಟೆ, ಒಂದು ಜೊತೆ ಬೆಲ್ಟ್ ಮನೆಯಲ್ಲೇ ಇರಲಿ. ಸೀಸನ್ ಮುಗಿದ ಮೇಲೆ ತಟ್ಟೆಯನ್ನು ಬಿಚ್ಚಿ, ತೊಳೆದು, ಒಣಗಿಸಿ, ಎಣ್ಣೆ ಸವರಿ ಬೆಚ್ಚಗಿನ ಜಾಗದಲ್ಲಿಡಿ. ಬೆಲ್ಟನ್ನು ಸಡಿಲಿಸಿ, ಬೇರಿಂಗಿಗೆ ಹೊಸ ಗ್ರೀಸ್ ತುಂಬಿ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಕುಯ್ಲಿನ ಮೂರು ತಿಂಗಳಿಗಿಂತ ಹೆಚ್ಚು ಯಂತ್ರವನ್ನು ಸವೆಸುತ್ತದೆ.