17.7 ಮತ್ತು 23.6

ಬಿ.ಎಸ್ಸಿ. ಲ್ಯಾಬಿನಲ್ಲಿ ಗುರುತು ಹಿಡಿಯಲು ಕೊಡುತ್ತಿದ್ದ ವಸ್ತುಗಳು ಬಹುಮಟ್ಟಿಗೆ ಬೆಳ್ಳಗಿನವೇ. ನೋಡಿದರೆ ಏನೂ ತಿಳಿಯದು, ರುಚಿ ನೋಡುವ ಹಾಗಂತೂ ಇಲ್ಲ. ಮುಂಬೈಯಲ್ಲಿ ಮಳೆ ಜಡಿಯುತ್ತಿದ್ದ ಒಂದು ಮಧ್ಯಾಹ್ನ ನನಗೂ ನನ್ನ ಜೊತೆಗಾರನಿಗೂ ಒಂದು ಪುಟ್ಟ ಬಾಟಲಿಯಲ್ಲಿ ಅಂಥದೇ ಹರಳು ಬಂತು. ನಮ್ಮ ಸರ್ ಧಾರವಾಡದ ಕಡೆಯವರು. ಪಾಠ ಇಂಗ್ಲಿಷಿನಲ್ಲಿ, ನಮ್ಮಿಬ್ಬರ ಹತ್ತಿರ ಮಾತ್ರ ಊರಿನ ಮಾತು. "ಇದು ಆಸಿಡ್ ಐತಿ, ಒಳಗ ಆಕ್ಸಲೇಟ್ ಐತಿ. ಇಷ್ಟ ಹೇಳತೇನಿ. ಉಳಿದದ್ದು ನೀವ ಹುಡುಕ್ರಿ" ಅಂದರು.

ಆಕ್ಸಲೇಟ್ ನಮ್ಮಂಥ ಕರಾವಳಿಯ ಮನೆಯವರಿಗೆ ಅಪರಿಚಿತವಲ್ಲ. ಮಳೆಗಾಲದಲ್ಲಿ ಮಾಟುಂಗದ ಮಾರ್ಕೆಟ್ಟಿನಿಂದ ಕೆಸುವಿನ ಎಲೆ ತಂದು ಅಮ್ಮ ಪತ್ರೊಡೆ ಮಾಡುವಾಗ ಹುಣಸೆಹುಳಿ ಧಾರಾಳವಾಗಿ ಹಾಕುತ್ತಿದ್ದರು. ಹುಳಿ ಕಡಿಮೆಯಾದರೆ ಗಂಟಲು ತುರಿಸುವುದು ಆ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದಲೇ.

1.5 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ, 250 ಮಿಲಿ ಮಾಡಿಕೊಂಡೆವು. ಎರಡು ಪರೀಕ್ಷೆ: ಒಂದು ನೇರಳೆ ಬಣ್ಣದ ಪರ್ಮ್ಯಾಂಗನೇಟಿನಿಂದ, ಇನ್ನೊಂದು ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದಿಂದ. ಪ್ರತಿ ಸಲ ನಮ್ಮ ದ್ರಾವಣದಿಂದ 25 ಮಿಲಿ. ಪರ್ಮ್ಯಾಂಗನೇಟನ್ನು ಹಿಂದಿನ ದಿನವೇ, ಸಾಂದ್ರತೆಯ ಲೆಕ್ಕದಲ್ಲಿ ಸರಿಯಾಗಿ 0.1 ನಾರ್ಮಲ್‌ಗೆ ಹೊಂದಿಸಿಟ್ಟಿದ್ದರು. ಸೋಡಿಯಂ ಹೈಡ್ರಾಕ್ಸೈಡ್‌ನದೇ ತಾಪತ್ರಯ. ನಮ್ಮ ಮಳೆಗಾಲದಲ್ಲಿ ಅದರ ಗುಳಿಗೆಗಳು ತೂಗಿ ಮುಗಿಸುವಷ್ಟರಲ್ಲಿ ವಾಚ್ ಗ್ಲಾಸಿನ ಮೇಲೆ ಬೆವೆತು ಜಾರತೊಡಗುತ್ತವೆ. ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿಕೊಂಡ ಮೇಲೆ ಆ ತೂಕಕ್ಕೆ ಬೆಲೆ ಇಲ್ಲ. ಹಾಗಾಗಿ ದ್ರಾವಣ ಮಾಡಿ, ತೂಕ ನಂಬಬಹುದಾದ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಎದುರು ಟೈಟ್ರೇಟ್ ಮಾಡಿ (ಹನಿಹನಿಯಾಗಿ ಬಿಟ್ಟು ಎಷ್ಟು ಹಿಡಿಯುತ್ತದೆಂದು ಅಳೆದು), ಅದನ್ನೂ 0.1 ನಾರ್ಮಲ್‌ಗೆ ತಂದೆವು. ಇದಕ್ಕೇ ಅರ್ಧ ಮಧ್ಯಾಹ್ನ ಹೋಯಿತು.

ಮೊದಲು ಪರ್ಮ್ಯಾಂಗನೇಟ್. ಫ್ಲಾಸ್ಕಿಗೆ ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60–70 ಡಿಗ್ರಿಗೆ ಬಿಸಿ ಮಾಡಿ, ಬ್ಯೂರೆಟ್ಟಿನ (ಅಳತೆ ಗುರುತಿನ ಕೊಳವೆಯ) ಕೆಳಗಿಟ್ಟು ಬಿಟ್ಟ ಮೊದಲ ಹನಿ ಹಾಗೇ ನಿಂತಿತು. ಎಷ್ಟು ಅಲುಗಿಸಿದರೂ ಆ ನೇರಳೆ ಬಣ್ಣ ಹೋಗಲೊಲ್ಲದು. ನೋಡುತ್ತಿದ್ದಂತೆ ಮೆಲ್ಲಗೆ ತೆಳುವಾಯಿತು, ಮಾಯವಾಯಿತು. ಎರಡನೆಯ ಹನಿ ಬೇಗ ಕರಗಿತು, ಆಮೇಲಿನವು ಬಿದ್ದ ಕ್ಷಣವೇ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಕ್ರಿಯೆಯನ್ನು ಮುಂದಕ್ಕೆ ದಬ್ಬುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಇದು ಬೇಸರ ತಂದಿಲ್ಲ. ತೆಳು ಗುಲಾಬಿ ಉಳಿದುಕೊಂಡಾಗ ರೀಡಿಂಗ್ 23.6 ಮಿಲಿ.

ಲೆಕ್ಕ ಹಾಕಿದೆವು. ಇದು ಸಾದಾ ಆಕ್ಸಾಲಿಕ್ ಆಮ್ಲದ ಹರಳಾಗಿದ್ದರೆ 23.8 ಬರಬೇಕು. "ಅದೇ ಮಾರಾಯ, ಬರೆದುಬಿಡು. ಡೊಂಬಿವಲಿ ಫಾಸ್ಟ್ ಲೋಕಲ್ ಸಿಗುತ್ತೆ" ಅಂದ ಜೊತೆಗಾರ. ಮಳೆಯಲ್ಲಿ ಲೋಕಲ್ ನಿಂತುಬಿಟ್ಟರೆ ಅವನು ಮನೆ ಮುಟ್ಟುವುದು ಎಷ್ಟು ಹೊತ್ತಿಗೋ. ಆದರೂ ಇನ್ನೊಂದು ಬ್ಯೂರೆಟ್ ತುಂಬಿ ಕೂತಿತ್ತು.

ಆಕ್ಸಾಲಿಕ್ ಆಮ್ಲವೇ ಆಗಿದ್ದರೆ ಸೋಡಿಯಂ ಹೈಡ್ರಾಕ್ಸೈಡ್ ಕೂಡ 23.8ರ ಹತ್ತಿರವೇ ಹಿಡಿಯಬೇಕು. ಆಮ್ಲ ಮುಗಿದೊಡನೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ ಶುರು ಮಾಡಿದೆವು. 17.7ಕ್ಕೇ ಗುಲಾಬಿ. ಅರ್ಧ ನಿಮಿಷ ಕಾದರೂ ಹೋಗಲಿಲ್ಲ. ಇನ್ನೊಂದು 25 ಮಿಲಿ ತೆಗೆದು ಮಾಡಿದರೂ ಅದೇ 17.7. ಜೊತೆಗಾರ ಚೀಲ ಕೆಳಗಿಟ್ಟು ಪಕ್ಕದಲ್ಲಿ ಬಂದು ನಿಂತ.

17.7ಕ್ಕೆ 23.6 ಅಂದರೆ ಮೂರಕ್ಕೆ ನಾಲ್ಕು. ಪರ್ಮ್ಯಾಂಗನೇಟ್ ಎಣಿಸುವುದು ಆಕ್ಸಲೇಟನ್ನು. ಅದರ ಜೊತೆ ಹೈಡ್ರೋಜನ್ ಇದೆಯೋ ಲೋಹ ಇದೆಯೋ ಅದಕ್ಕೆ ಬೇಕಿಲ್ಲ. ಕ್ಷಾರ ಎಣಿಸುವುದು ಆಮ್ಲದ ಹೈಡ್ರೋಜನ್ ಮಾತ್ರ. ಎರಡು ಆಕ್ಸಲೇಟಿಗೆ ನಾಲ್ಕು ಹೈಡ್ರೋಜನ್ ಇರಬೇಕಾದಲ್ಲಿ ಮೂರೇ ಇವೆ. ನಾಲ್ಕನೆಯದರ ಜಾಗದಲ್ಲಿ ಒಂದು ಲೋಹ ಕೂತಿದೆ! ಇಬ್ಬರಿಗೂ ಇದು ಒಟ್ಟಿಗೇ ಹೊಳೆಯಿತು. ಪರ್ಮ್ಯಾಂಗನೇಟ್ ಒಂದನ್ನೇ ಮಾಡಿದ್ದರೆ ಆ 0.2 ಮಿಲಿ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪ್ಲಾಟಿನಂ ತಂತಿಗೆ ಹರಳು ಹಚ್ಚಿ ಬರ್ನರ್ ಜ್ವಾಲೆಗೆ ಹಿಡಿದೆವು. ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡಿದರೆ ನೇರಳೆ, ಪೊಟ್ಯಾಸಿಯಂ.

ಸರ್ ಬಂದು ಜರ್ನಲ್ ನೋಡಿದರು. ಮುಖ ಅರಳಿತು. ಶಾಯಿ ಕಲೆ, ತುಕ್ಕಿನ ಕಲೆ ತೆಗೆಯಲು ಇದನ್ನು ಬಳಸುತ್ತಿದ್ದರು ಅಂತ ಹೇಳಿ, "ತೂಕದ್ದೂ ಲೆಕ್ಕಾ ತೋರಸ್ರಿ" ಅಂದರು. 25 ಮಿಲಿಯಲ್ಲಿದ್ದದ್ದು 150 ಮಿಲಿಗ್ರಾಂ, ಟೈಟ್ರೇಶನ್ ಪ್ರಕಾರ 0.59 ಮಿಲಿಮೋಲ್. ಭಾಗಿಸಿದರೆ ಅಣುತೂಕ 254. ಒಂದು ಪೊಟ್ಯಾಸಿಯಂ, ಮೂರು ಹೈಡ್ರೋಜನ್, ಎರಡು ಆಕ್ಸಲೇಟ್ ಕೂಡಿದರೆ ಬರುವುದು 218. ಉಳಿದ 36ಕ್ಕೆ ಎರಡು ಅಣು ನೀರು. ಪೊಟ್ಯಾಸಿಯಂ ಟೆಟ್ರಾಕ್ಸಲೇಟ್ ಡೈಹೈಡ್ರೇಟ್ ಅಂತ ಪೂರ್ತಿ ಹೆಸರು ಬರೆದು ಸಹಿ ಹಾಕಿಸಿಕೊಂಡೆವು.