ಸ್ಕ್ರೂ ಬಿಗಿಯುವ ಎರಡು ಯಂತ್ರಗಳು

ಮಳೆಗಾಲ ಹಿಡಿಯುವ ಮುನ್ನ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಎರಡು ಕೆಲಸಗಳು ಮುಗಿಯಬೇಕಿತ್ತು. ಕೊಟ್ಟಿಗೆಯ ಮಾಡಿನಲ್ಲಿ ಹೆಂಚು ಕೂರುವ, ಗೆದ್ದಲು ತಿಂದ ರೀಪು ಪಟ್ಟಿಗಳನ್ನು ಬದಲಾಯಿಸುವುದು ಒಂದು, ಅಡುಗೆಮನೆಯ ಪ್ಲೈವುಡ್ ಕಪಾಟಿಗೆ ಬಾಗಿಲು ಕೂರಿಸುವುದು ಇನ್ನೊಂದು. ಕೊಳ್ಳುವುದಾದರೆ ಬ್ಯಾಟರಿ ಡ್ರಿಲ್ಲೋ ಇಂಪ್ಯಾಕ್ಟ್ ಡ್ರೈವರೋ ಎಂಬ ಗೊಂದಲ ನನಗಿದ್ದುದರಿಂದ, ಕೆಲಸಕ್ಕೆ ಬಂದ ಆಚಾರ್ರು ತಮ್ಮ ಬಳಿಯಿದ್ದ 18 ವೋಲ್ಟಿನ ಎರಡೂ ಯಂತ್ರಗಳನ್ನು ನನ್ನ ಕೈಗೇ ಕೊಟ್ಟರು.

ಮೊಳೆ ಹೊಡೆದರೆ ಪಕ್ಕದ ಹಳೆಯ ಹೆಂಚುಗಳು ಅದುರಿ ಬಿರುಕು ಬಿಡುತ್ತವೆಂದು ಮಾಡಿಗೆ 75 ಮಿಲಿಮೀಟರಿನ ಸ್ಕ್ರೂಗಳನ್ನೇ ತಂದಿದ್ದೆವು. ರೀಪುಗಳನ್ನು ಹೊರುವ ಪಕಾಸಿಗಳೆಲ್ಲ ಒಣಗಿ ಕಲ್ಲಾದ ಮತ್ತಿ ಮರದವು. ಡ್ರಿಲ್ಲಿನಿಂದ ತೂತು ಕೊರೆದುಕೊಂಡ ಮೇಲೂ, ಸ್ಕ್ರೂ ಮುಕ್ಕಾಲು ಭಾಗ ಇಳಿಯುವಷ್ಟರಲ್ಲಿ ಡ್ರಿಲ್ ನನ್ನ ಮಣಿಕಟ್ಟನ್ನೇ ತಿರುಚತೊಡಗಿತು. ಯಂತ್ರದ ಮೂತಿಗೆ ಸಿಕ್ಕಿಸಿದ ಬಿಟ್ ಜಾರಿ ಸ್ಕ್ರೂವಿನ ತಲೆಯ ಕಚ್ಚು ಸವೆಯಿತು. ಡ್ರಿಲ್ಲಿನ ಬಲ ಎಡೆಬಿಡದೆ ಹರಿಯುವುದರಿಂದ ಸ್ಕ್ರೂ ತಡೆದಷ್ಟೂ ಬಲ ಹಿಡಿದ ಕೈಗೆ ಹಿಂತಿರುಗುತ್ತದೆ. ಇಂಪ್ಯಾಕ್ಟ್ ಡ್ರೈವರಿನಲ್ಲಾದರೋ ತಡೆ ಹೆಚ್ಚಾದೊಡನೆ ಒಳಗಿನ ಸುತ್ತಿಗೆಯು ಸ್ಪ್ರಿಂಗನ್ನು ಅದುಮಿ ಹಿಂದೆ ಸರಿದು, ಬಿಡಿಸಿಕೊಂಡು, ತಿರುಗುವ ದಿಕ್ಕಿನಲ್ಲೇ ನಿಮಿಷಕ್ಕೆ 3000ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಹಾಗಾಗಿ ಕೈಗೆ ತಿರುಚು ಅಷ್ಟಾಗಿ ತಾಗುವುದಿಲ್ಲ. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ರೀಪು ಹಿಡಿದು ಇನ್ನೊಂದು ಕೈಯಲ್ಲಿ ಸ್ಕ್ರೂ ಬಿಗಿಯುವವನಿಗೆ ಇದೇನೂ ಸಣ್ಣ ಸೌಕರ್ಯವಲ್ಲ. ಸದ್ದು ಮಾತ್ರ ಕಿವಿ ಮುಚ್ಚಿಕೊಳ್ಳುವಂಥದು. ಕೆಳಗಿದ್ದ ಹಸು ಹಗ್ಗ ಜಗ್ಗಿದ್ದು ಕಂಡು ಅದನ್ನು ತೋಟದಲ್ಲಿ ಕಟ್ಟಿ ಬರಬೇಕಾಯಿತು.

ಮಧ್ಯಾಹ್ನ ಕಪಾಟಿನ ಬಳಿ ಅದೇ ಯಂತ್ರವನ್ನು ಎತ್ತಿಕೊಂಡಾಗ ಆಚಾರ್ರು ತಡೆದರು.

“ಆ ಕುಟ್ಟೋ ಮಿಷನ್ ಇಲ್ಲಿಗೆ ಬೇಡ ಮಾರಾಯ್ರೆ, ಪ್ಲೈ ತಿಂದು ಹಾಕುತ್ತೆ.”

ಅವರು ಒಂದು ತುಂಡು ಪ್ಲೈವುಡ್ಡಿನಲ್ಲಿ ತೋರಿಸಿಯೂ ಬಿಟ್ಟರು. 16 ಮಿಲಿಮೀಟರಿನ ಸ್ಕ್ರೂ ಕಣ್ಣು ಮಿಟುಕಿಸುವುದರೊಳಗೆ ಒಳಗಿಳಿದು, ಬೆರಳೆತ್ತುವ ಮೊದಲೇ ಹಿಡಿತ ಕಳೆದುಕೊಂಡು ಸುಮ್ಮನೆ ತಿರುಗತೊಡಗಿತು. ಎಳೆದರೆ ಮರದ ಪುಡಿಯೊಡನೆ ಕೈಗೇ ಬಂತು. ಜಿಪ್ಸಂ ಬೋರ್ಡಿಗೆ ಬಳಸುವ ಕಪ್ಪು ಸ್ಕ್ರೂವನ್ನು ಮತ್ತಿ ತುಂಡಿಗೆ ಹಾಕಿದಾಗ ಅದರ ತಲೆಯೇ ಮುರಿಯಿತು; ಆ ಸ್ಕ್ರೂ ಗಡಸಾದರೂ ಪೆಡಸು, ಬಾಗದೆ ಮುರಿಯುವಂಥದು. ಡ್ರಿಲ್ಲಿನ ಕುತ್ತಿಗೆಯಲ್ಲಿ ಅಂಕಿಗಳಿರುವ ಕ್ಲಚ್ ಬಳೆಯನ್ನು ನಾಲ್ಕಕ್ಕೆ ತಿರುಗಿಸಿಟ್ಟರೆ, ಸ್ಕ್ರೂವಿನ ತಲೆ ಬಾಗಿಲಿನ ಹಿಂಜಿಗೆ ತಾಗಿ ಕೂತೊಡನೆ ಟರ್ ಎಂದು ಸದ್ದಾಗಿ ಬಲ ಕಡಿದುಹೋಗುತ್ತದೆ. ಇಂಪ್ಯಾಕ್ಟ್ ಡ್ರೈವರಿನಲ್ಲಿ ಅಂಥ ಕ್ಲಚ್ ಇರುವುದಿಲ್ಲ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಬೆರಳೇ ತಿಳಿದಿರಬೇಕು. ಬಲ ಎಷ್ಟು ಎಂದು ಕೇಳುವುದಕ್ಕಿಂತ ಅದು ನಿಲ್ಲುವುದು ಹೇಗೆ ಎಂದು ಕೇಳಿ ಯಂತ್ರವನ್ನು ಆರಿಸಬೇಕೆಂಬುದು ನನಗೆ ಮನದಟ್ಟಾದದ್ದು ಅಲ್ಲಿಯೇ.

ಮನೆಗೆ ಒಂದೇ ಯಂತ್ರ ಸಾಕೆನ್ನುವವರು ಡ್ರಿಲ್ಲನ್ನೇ ಕೊಳ್ಳಲಿ. ಬಿಟ್ ಹಿಡಿಯುವ ಅದರ ಚಕ್ಕಿನಲ್ಲಿ ದುಂಡು ಬಿಟ್ಟೂ ಕೂರುತ್ತದೆ, ಡ್ರೈವರಿಗೆ ಕಾಲಿಂಚಿನ ಆರು ಮೂಲೆಯ ಬಿಟ್ಟೇ ಆಗಬೇಕು. ಅಂಗಡಿಯಲ್ಲಿ ಡ್ರೈವರ್ ಕೇಳಿದರೆ ಗೋಡೆ ಕೊರೆಯುವ ಇಂಪ್ಯಾಕ್ಟ್ ಡ್ರಿಲ್ಲನ್ನು ಮುಂದಿಡುವುದುಂಟು. ಅದು ಮುಂದಕ್ಕೆ ಕುಟ್ಟುವ ಬೇರೆಯೇ ಯಂತ್ರ. ನಾನು ಡ್ರಿಲ್ಲನ್ನು ಬ್ಯಾಟರಿ, ಚಾರ್ಜರ್ ಸಮೇತ ಕೊಂಡೆ. ಮಾಡಿನ ಉಳಿದರ್ಧ ಬಿಚ್ಚುವಾಗ ಅದೇ ಬ್ಯಾಟರಿ ಹೊಂದುವ ಡ್ರೈವರನ್ನು, ಬ್ಯಾಟರಿಯಿಲ್ಲದೆ, ಕಡಿಮೆ ಬೆಲೆಗೆ ತರುವ ಲೆಕ್ಕಾಚಾರವಿದೆ.